ಒಗ್ಗರಣೆಗೊಂದು ಕಿಟಕಿ

ಮನೆ ಕಟ್ಟುವವನಿಗೆ ಮನೆ ಕಟ್ಟುವುದೊಂದೇ ಕೆಲಸ ಅನ್ನುವವರು ಗುಬ್ಬಚ್ಚಿಯನ್ನು ನೋಡಿರಬೇಕು, ನನ್ನನ್ನು ನೋಡಿಲ್ಲ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದೇ ಆ ಮೆಟ್ಟಿಲು ಕಟ್ಟೋಕೆ. ಆದರೂ ಚಳ್ಳಕೆರೆಯಿಂದ ಮೊಳಕಾಲ್ಮುರಿನವರೆಗೆ ಜನ ನನ್ನನ್ನು ಇಂಜಿನಿಯರ್ ಅಂತಲೇ ಕರೆಯೋದು. ಪ್ಲಾನು ನಂದೇ, ಕಲ್ಲು ಇಡೋದೂ ನಾನೇ. ಒಮ್ಮೆ ಎಣ್ಣೆ ಮಿಲ್ಲಿಗೆ ನಾನು ಕಟ್ಟಿದ ಕಾಂಪೌಂಡಿಗೆ ಶೇಂಗಾ ಲೋಡಿನ ಲಾರಿ ಬಂದು ಗುದ್ದಿತು. ಲಾರಿ ಸೀದಾ ಗುಜರಿಗೆ ಹೋಯಿತು. ಗೋಡೆಗೆ ಲಾರಿಯ ಬಣ್ಣ ಹತ್ತಿ ಇನ್ನೂ ಚೆಂದ ಆಯಿತು.

ಇಂಥಾ ನನ್ನ ಜೀವ ಹಿಂಡಿದ್ದು ಮೊಳಕಾಲ್ಮುರಿನ ಒಬ್ಬ ನೇಕಾರನ ಮನೆ. ಇರೋದು ಒಂದೇ ಕೋಣೆ. ಅದರಲ್ಲೇ ಮಗ್ಗ, ಅದರಲ್ಲೇ ಒಲೆ. ಹಿಂದೆ ಒಂದಿಷ್ಟು ಹಿತ್ತಲು. ಕೋಣೆಯ ಹಳೇ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಬೇಕು, ಹಿತ್ತಲಲ್ಲಿ ಹೊಸದಾಗಿ ಕಟ್ಟಬೇಕು. ಹಿತ್ತಲಲ್ಲಿ ಏನು ಕಟ್ಟಬೇಕು ಅನ್ನೋದರಲ್ಲೇ ಗಂಡ ಹೆಂಡತಿಗೆ ಜಗಳ.

ಜಡ್ಜು

ಗಂಡನಿಗೆ ಅಲ್ಲಿ ಇನ್ನೊಂದು ಮಗ್ಗ ಬೇಕು. ಹೆಂಡತಿಗೆ ಅಡುಗೆಮನೆ ಬೇಕು. ಅರ್ಧರ್ಧ ಮಾಡ್ಕೊಳ್ಳಿ ಅಂತ ನಡುವೆ ಸುಣ್ಣದ ಗೆರೆ ಎಳೆದೆ. ಟೀ ಕುಡಿದು ಬರೋಷ್ಟರಲ್ಲಿ ಗೆರೆ ಅಡುಗೆಮನೆಯೊಳಗೆ ಒಂದು ಮೊಳ ನುಗ್ಗಿತ್ತು. ಎಲೆಯಡಿಕೆ ಹಾಕ್ಕೊಂಡು ಬಂದು ನೋಡಿದರೆ ಅದೇ ಗೆರೆ ಮಗ್ಗದ ಕಡೆ ಎರಡು ಮೊಳ. ಯಾರೂ ತುಳೀಬಾರದು ಅಂತ ಆಯಮ್ಮ ಅದರ ಮೇಲೆ ರಂಗೋಲಿ ಬೇರೆ ಬಿಟ್ಟಿದ್ದಳು.

ಯಾಕಮ್ಮಾ ಹಿಂಗೆ ಅಂದರೆ ಕಣ್ಣಲ್ಲಿ ನೀರು ತುಂಬಿಕೊಂಡಳು.

“ಅಣ್ಣಾ, ಮದುವೆಯಾಗಿ ಬಂದಾಗಿಂದ ಈ ಮನೇಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿಲ್ಲ ನಾನು. ಘಾಟಿಗೆ ಇವರು ಸೀನ್ತಾರೆ, ಸೀನಿದ್ರೆ ಎಳೆ ಹರೀತೈತೆ. ಎಣ್ಣೆ ಹೊಗೆ ಜರಿ ಮೇಲೆ ಕೂರ್ತೈತೆ. ಮೊನ್ನೆ ಮಗಳು ಕೇಳ್ತಾಳೆ, ಅವ್ವಾ, ಸಾರು ಅಂದ್ರೆ ಬಿಸಿನೀರಾ ಅಂತ.”

ಗಂಡ ಲಾಳಿ ಕೈಯಲ್ಲಿ ಹಿಡಿದೇ ಬಂದ. “ನಮಗೆ ಅನ್ನ ಹಾಕೋದು ಮಗ್ಗ. ಒಗ್ಗರಣೆ ಹಾಕ್ತೈತಾ ಮೇಸ್ತ್ರಿಗಾರು?”

ಇಬ್ಬರ ಮಾತೂ ಸರಿಯಾಗಿತ್ತು. ಹಂಗಾಗಿ ದೊಡ್ಡ ದೊಡ್ಡ ಕೋರ್ಟುಗಳು ಮಾಡೋದನ್ನೇ ನಾನೂ ಮಾಡಿದೆ. ಕೇಸು ಮುಂದಕ್ಕೆ ಹಾಕಿದೆ.

ಜ್ಯೋತಿಷಿ

ಗಂಡ ಸುಮ್ಮನಿರಲಿಲ್ಲ. ನಾಯಕನಹಟ್ಟಿಯಿಂದ ತನ್ನ ಸೋದರಮಾವನನ್ನು ಕರೆಸಿದ. ಆತ ಫೋನಿನಲ್ಲಿ ದಿಕ್ಕು ನೋಡಿ ವಾಸ್ತು ಹೇಳೋನು. ಅಡುಗೆಮನೆ ಆಗ್ನೇಯಕ್ಕೇ ಬರಬೇಕು, ಹಿತ್ತಲು ಆಗ್ನೇಯ ಅಲ್ಲ ಅಂದುಬಿಟ್ಟರೆ ಅಡುಗೆಮನೆ ಮಾತೇ ಏಳಲ್ಲ ಅಂತ ಅವರವರೇ ಮಾತಾಡ್ಕೊಂಡಿದ್ದರು.

ಆತ ಬಂದು ನಿಂತಿದ್ದು ನನ್ನ ಕಬ್ಬಿಣದ ಕಂಬಿ ರಾಶಿ ಪಕ್ಕದಲ್ಲಿ. ಕಬ್ಬಿಣ ಕಂಡರೆ ಆ ಫೋನಿನ ಮುಳ್ಳಿಗೆ ತಲೆ ತಿರುಗುತ್ತೆ ಅಂತ ನನಗೆ ಗೊತ್ತು. ನಾನು ಹೇಳಲಿಲ್ಲ. ಒಂದು ಹೆಜ್ಜೆ ಇಟ್ಟರೆ ಆಗ್ನೇಯ ಪಕ್ಕದ ಮನೆ ಬಚ್ಚಲಲ್ಲಿ. ಇನ್ನೊಂದು ಹೆಜ್ಜೆ ಇಟ್ಟರೆ ರಸ್ತೆಯಲ್ಲಿ ಹೋಗ್ತಿದ್ದ ಬಳ್ಳಾರಿ ಬಸ್ಸಿನೊಳಗೆ. ಆತ ಬೆವತುಹೋದ. ಕೆಲಸಕ್ಕೆ ಬೇಕು ಅನ್ನೋ ಹಂಗೆ ನಾಲ್ಕು ಕಂಬಿ ಆಚೆ ಎಳೆಸಿ ಹಾಕಿದೆ. ಮುಳ್ಳು ತಿರುಗಿ ತಿರುಗಿ ಆಗ್ನೇಯವನ್ನು ಸೀದಾ ಆಯಮ್ಮನ ರಂಗೋಲಿ ಮೇಲೆ ತಂದು ಕೂರಿಸಿತು. ಸೋದರಮಾವ ನೆಲಕ್ಕೆ ಕೈಮುಗಿದ. ಹಿತ್ತಲು ಅಡುಗೆಮನೆಗೆ ಅಂತ ತೀರ್ಮಾನ ಆಯಿತು.

ದಿಕ್ಕುಗಳೇ ನನ್ನ ಮಾತು ಕೇಳ್ತವೆ. ಸೂರ್ಯನಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ, ಹಳೇ ಜಾಗದಲ್ಲೇ ಹುಟ್ತಾನೆ.

ಸೂಲಗಿತ್ತಿ

ಮಾಳಿಗೆ ಕೆಡವಬೇಕು, ಮಗ್ಗ ಆಚೆ ತೆಗಿಯಪ್ಪಾ ಅಂದೆ. ಸೀರೆ ಅರ್ಧ ಆಗೈತೆ, ಹಾಸಿನ ಎಳೆ ಬಿಗಿದ ಮಗ್ಗ ತುಂಬು ಬಸುರಿ ಇದ್ದಂಗೆ, ಅಲ್ಲಾಡಿಸಂಗಿಲ್ಲ ಅಂದ. ಹೋಗಲಿ, ನೀನಾದರೂ ಎದ್ದು ಬಾ ಅಂದರೆ ಅದಕ್ಕೂ ಒಲ್ಲೆ. ಧೂಳು ಬೀಳದಂಗೆ ಕೆಡವಿ ಅಂತ ನನಗೇ ಹೇಳ್ತಾನೆ. ಹಲ್ಲು ಕಡಿದುಕೊಂಡು ಮಗ್ಗದ ಸುತ್ತ ಹಲಗೆ ನಿಲ್ಲಿಸಿ, ಮೇಲೆ ಟಾರ್ಪಾಲು ಕಟ್ಟಿಸಿದೆ. ಒಳಗೆ ಬಲ್ಬು ಹಾಕ್ಕೊಂಡು ಆತ ನೇಯ್ತಾನೆ, ಮೇಲೆ ನಾನು ಮಣ್ಣಿನ ಒಂದೊಂದೇ ಹೆಂಟೆಯನ್ನು ಹೆತ್ತ ಮಗುವಿನಂಗೆ ಕೈಯಲ್ಲಿ ಎತ್ತಿ ಇಳಿಸ್ತೀನಿ. ಇಡೀ ಮಾಳಿಗೆ ಇಳಿಸಿದರೂ ಕೆಳಗೆ ಒಂದು ಇರುವೆಯೂ ಕೆಮ್ಮಲಿಲ್ಲ.

ಎಲ್ಲ ಮುಗಿಸಿ ಟಾರ್ಪಾಲು ತೆಗೆದೆ. ಆತ ತಲೆ ಎತ್ತಿ ಆಕಾಶ ನೋಡಿದ. ಕಾಲು ಹಿಡೀತಾನೇನೋ ಅಂತ ನಾನು ಮುಂದೆ ಹೋಗಿ ನಿಂತೆ.

“ಬೆಳಕು ಬಲೇ ಚೆನ್ನಾಗೈತೆ ಮೇಸ್ತ್ರಿಗಾರು,” ಅಂದ. “ಹಿಂಗೇ ಬಿಟ್ಟುಬಿಡಿ.”

ಗಾಳಿ ಇಲಾಖೆ

ಅಂತೂ ಮೇಲೆ ಆರ್‌ಸಿಸಿ ಬಂತು, ಹಿತ್ತಲಲ್ಲಿ ಅಡುಗೆಮನೆ ಎದ್ದಿತು. ಆದರೆ ಗಂಡ ಒಂದು ಷರತ್ತು ಹಾಕಿದ. ಚಿಟಿಕೆ ಘಾಟು ಮಗ್ಗದ ಹತ್ತಿರ ಬಂದರೂ ಒಲೆ ಕಿತ್ತು ಅಲ್ಲಿ ಮಗ್ಗ ಇಳಿಸ್ತೀನಿ ಅಂದ. ಆಯಮ್ಮನ ಮುಖ ಸಣ್ಣಗಾಯಿತು. ನಾನು ಒಲೆಯ ಎದುರಿಗೇ ದೊಡ್ಡ ಕಿಟಕಿ ಇಟ್ಟೆ. ಈ ಕಿಟಕಿಯಿಂದ ಹೊರಟ ಹೊಗೆ ನಡುವೆ ಎಲ್ಲೂ ಸ್ಟಾಪ್ ಕೊಡದೆ ಗಡಿಯಾಚೆಯ ರಾಯದುರ್ಗಕ್ಕೇ ಹೋಗಿ ಇಳಿಯುತ್ತೆ ಅಂತ ಮಾತೂ ಕೊಟ್ಟೆ.

ಗೃಹಪ್ರವೇಶಕ್ಕೆ ಇಡೀ ನೇಕಾರರ ಬೀದಿಗೆ ಊಟ ಹೇಳಿದ್ದರು. ಪೂಜೆ ಮುಗಿದದ್ದೇ ತಡ, ಗಂಡ ಪರೀಕ್ಷೆ ಮಾಡೋಕೆ ಮಗ್ಗದಲ್ಲಿ ಕೂತ. ಆಯಮ್ಮ ಎಣ್ಣೆ ಕಾಯಿಸಿ, ಇಷ್ಟು ವರ್ಷದ ಮೆಣಸಿನಕಾಯಿಯನ್ನೆಲ್ಲ ಒಂದೇ ಸಲ ಹಾಕಿದಳು. ಚೊಂಯ್ ಅಂತು. ನಾನು ಉಸಿರು ಹಿಡಿದು ಗಂಡನ ಮೂಗನ್ನೇ ನೋಡ್ತಾ ನಿಂತೆ. ಮೂಗು ಅಲ್ಲಾಡಲಿಲ್ಲ. ಲಾಳಿ ನಿಲ್ಲಲಿಲ್ಲ.

ನಿಂತಿದ್ದು ಪಕ್ಕದ ಮನೆ ಮಗ್ಗ. ಹಿಂದೆಯೇ ಒಂದು ಸೀನು. ಆಮೇಲೆ ಅದರಾಚೆ ಮನೆ ಮಗ್ಗ, ಅಲ್ಲೊಂದು ಸೀನು. ಹಂಗೇ ಸಾಲಾಗಿ ಸೀನು ಬೀದಿಯ ಕೊನೆಯವರೆಗೂ ನಡಕೊಂಡು ಹೋಯಿತು. ಹೊಗೆ ರಾಯದುರ್ಗಕ್ಕೇ ಹೊರಟಿತ್ತು, ಸುಳ್ಳಲ್ಲ. ದಾರಿಯಲ್ಲಿ ಎಲ್ಲರನ್ನೂ ಮಾತಾಡಿಸ್ಕೊಂಡು ಹೋಯಿತು.

ಪಕ್ಕದ ಮನೆಯವನು ಮೂಗಿಗೆ ಟವೆಲ್ ಹಿಡ್ಕೊಂಡು ಬಂದ, ಬೆನ್ನಿಗೆ ಬೀದಿಯ ಗಂಡಸರೆಲ್ಲ. ಈಗಲೇ ಕಿಟಕಿ ಮುಚ್ಚಬೇಕು ಅಂದರು. ಗಂಡ ನನ್ನ ಮುಖ ನೋಡಿದ, ನಾನು ಆರ್‌ಸಿಸಿ ನೋಡಿದೆ. ಆಗ ಆಯಮ್ಮ ಸೌಟು ಹಿಡಿದು ಬಾಗಿಲಿಗೆ ಬಂದಳು.

“ಮುಚ್ಚಿಸ್ರಿ. ಕಿಟಕಿ ಮುಚ್ಚಿದ್ರೆ ಸಾರು ಒಳಗೇ ಇರ್ತೈತೆ, ನೀವು ಹೊರಗೇ ಇರ್ತೀರಿ.”

ಅಷ್ಟರಲ್ಲಿ ಸಾರಿನ ವಾಸನೆ ಹೊರಗೆ ಬಂದಿತ್ತು. ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಒಳಗೆ ಬಂದು ಪಂಕ್ತಿಯಲ್ಲಿ ಕೂತರು. ಪಕ್ಕದ ಮನೆಯವನೇ ಮೂರು ಸಲ ಸಾರು ಬಡಿಸಿಕೊಂಡು ತೀರ್ಪು ಕೊಟ್ಟ. ಕಿಟಕಿ ಇರಲಿ. ಒಗ್ಗರಣೆಗೆ ಮುಂಚೆ ತಟ್ಟೆ ಬಡಿದು ತಿಳಿಸಬೇಕು, ಬೀದಿಯವರು ಮಗ್ಗ ನಿಲ್ಲಿಸಿ ಮೂಗು ಮುಚ್ಚಿಕೊಳ್ಳಬೇಕು. ಹಂಗೇ ಒಪ್ಪಂದ ಆಯಿತು. ಗಂಡ ತಲೆ ಬಗ್ಗಿಸಿ ಎಲೆ ನೆಕ್ಕಿದ. ಅದೇ ಅವನ ಸಹಿ.

ಬದುಕಿದೆ ಅಂತ ಕೈತೊಳೆಯೋಕೆ ಹಿತ್ತಲಿಗೆ ಹೋದರೆ ಪಕ್ಕದ ಮನೆಯವನ ಹೆಂಡತಿ ಕಾಯ್ತಿದ್ದಳು. ಅತ್ತ ಇತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಪಿಸುಗುಟ್ಟಿದಳು.

“ಇಂಜಿನಿಯರಣ್ಣಾ, ನಮ್ಮನೇಗೂ ಹಿಂಗೇ ಒಂದು ಅಡುಗೆಮನೆ ಹಾಕ್ಕೊಡು. ಕಿಟಕಿ ಮಾತ್ರ ಈ ಮನೆ ಮಗ್ಗದ ಕಡೆಗೇ ತಿರುಗಿರಲಿ.”