ಬೇಟೆಗಾರ ಮಾವನ ಜಾರುಗಂಟು

ನನ್ನ ಸೋದರಮಾವ ದೊಡ್ಡ ಬೇಟೆಗಾರ. ಇಂದಿನವರೆಗೆ ಒಂದು ಸೊಳ್ಳೆಯನ್ನೂ ಹೊಡೆದಿಲ್ಲ ಎಂಬುದು ಬೇರೆ ಮಾತು! ಈರುಳ್ಳಿ ಮುಟ್ಟದ, ಏಕಾದಶಿಗೆ ನೀರೂ ಕುಡಿಯದ ಈ ಮನುಷ್ಯನ ಬಳಿ ಬಂದೂಕಿಲ್ಲ, ಬಲೆಯಿಲ್ಲ. ಇರುವುದು ಬೇಟೆಗಾರರು ಮರಕ್ಕೆ ಜೋತುಬೀಳಲು ಕಟ್ಟಿಕೊಳ್ಳುವ ಒಂದು ಸೊಂಟಪಟ್ಟಿ.

ಫೋನಿನಲ್ಲಿ ಯಾರೋ ಪರದೇಶದವನು ಮರಕ್ಕೆ ನೇತುಬಿದ್ದು ಜಿಂಕೆ ಕಾಯುವುದನ್ನು ನೋಡಿ ತರಿಸಿಕೊಂಡರು. ಎಡಸೊಂಟದಿಂದ ಬಲಸೊಂಟಕ್ಕೆ ಮುಂದುಗಡೆ ಒಂದು ಹಗ್ಗ. ಅದರ ಹೆಸರು ಬ್ರಿಜ್. ಮರಕ್ಕೆ ಕಟ್ಟಿದ ಇನ್ನೊಂದು ಹಗ್ಗದಲ್ಲಿ ಜಾರುಗಂಟು. ಕೈಯಿಂದ ಸರಿಸಿದರೆ ಸರಿಯುತ್ತದೆ, ಭಾರ ಬಿದ್ದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಗಂಟಿಗೆ ಕೊಕ್ಕೆ, ಕೊಕ್ಕೆಗೆ ಬ್ರಿಜ್, ಬ್ರಿಜ್ಜಿಗೆ ಮಾವ! ಕುರೆಕುಪ್ಪದ ಕಡೆಯ ಕಾರ್ಖಾನೆಯೊಂದರಲ್ಲಿ ಕ್ರೇನಿಗೆ ಭಾರ ಕಟ್ಟಿ ರಿಟೈರಾದವರು, ಹಗ್ಗ ಕಂಡರೆ ಸುಮ್ಮನಿರುತ್ತಾರೆಯೇ?

ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ. ಆದರೆ ಕೆಲವು ತಿಂಗಳ ಹಿಂದಷ್ಟೇ ಮಾವನ ಹೆಂಡತಿ, ನಮ್ಮ ಅತ್ತಿ, ತುಳಸಿಕಟ್ಟೆಯ ಮುಂದೆ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿತ್ತು. "ಮೂಳೆ ಕೂಡಿದೆ, ನಡೆಸಿ. ಕುಳಿತೇ ಇದ್ದರೆ ಆಮೇಲೆ ಏಳುವುದೇ ಇಲ್ಲ" ಎಂದಿದ್ದರು ಡಾಕ್ಟರು. ಅತ್ತಿ ಕುರ್ಚಿ ಬಿಡಲಿಲ್ಲ. ವಾಕರ್ ತಂದುಕೊಟ್ಟರೆ ಅದರ ಮೇಲೆ ಟವೆಲ್ ಒಣಹಾಕಿದರು. ಯಾರು ಏನೇ ಹೇಳಲಿ, ಅವರದು ಒಂದೇ ಪ್ರಶ್ನೆ: "ನಾ ಮತ್ತ ಬಿದ್ರ?"

ಹೀಗೆ ಚಿತ್ತವಾಡ್ಗಿಯ ಆ ಮನೆಯಲ್ಲಿ ಹೆಂಡತಿ ಪಡಸಾಲೆಯ ಕುರ್ಚಿಯಲ್ಲಿ, ಗಂಡ ಹಿತ್ತಲ ಬೇವಿನ ಮರದಲ್ಲಿ! ಪಕ್ಕದ ಓಣಿಯಲ್ಲೇ ಇರುವ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಲಿನ ಶಾಂತವ್ವ ಒಮ್ಮೆ ತಲೆ ಎತ್ತಿ ಕೇಳಿದಳು, "ಮ್ಯಾಲೆ ಏನ್ ಮಾಡಾಕತ್ತೀರಿ ಯಜಮಾನ್ರ?"

"ಬ್ರಿಜ್ ಗಿಡ್ಡ ಆಗೇತಿ. ತೊಡಿ ಹಿಡೀತೈತಿ."

"ಹೌದೇನ್ರಿ" ಎಂದಳು ಶಾಂತವ್ವ. ಮರುದಿನದಿಂದ ಹಾಲಿನ ಚರಿಗೆಯನ್ನು ಕೊಂಬೆಗೇ ನೇತುಹಾಕಿ ಹೋಗತೊಡಗಿದಳು.

ಒಂದು ಸಂಜೆ ನಿಜವಾದ ಬೇಟೆಯೂ ಆಯಿತು. ಚೋರನೂರಿನ ಗೆಳೆಯರೊಬ್ಬರ ಹೊಲದಲ್ಲಿ ಕಾಡುಹಂದಿ ಮೆಕ್ಕೆಜೋಳ ತಿನ್ನುತ್ತಿತ್ತು; ಮಾವ ಅದರ ಫೋಟೋ ಹೊಡೆಯುವವರು. ಅವರು ಹುಣಸೆಮರದಲ್ಲಿ, ನಾನು ದೂರದಲ್ಲಿ ಬೈಕಿನ ಹಿಂದೆ. ಹಂದಿ ಸಂಸಾರಸಮೇತ ಬಂತು. ಒಂದು ಸಾಲು ತಿಂದಿತು. ಅದೇ ಹುಣಸೆಮರಕ್ಕೆ ಬೆನ್ನು ಉಜ್ಜಿಕೊಂಡಿತು. ಮಾವ ಮಾತ್ರ ಗಂಟು ಸರಿಸುತ್ತಲೇ ಇದ್ದರು! ಹಂದಿಗಳು ಹೊಟ್ಟೆ ತುಂಬಿಸಿಕೊಂಡು ಹೊರಟುಹೋದವು.

"ಫೋಟೋ ಎಲ್ಲಿ ಮಾವ?"

"ಎಡಗಡಿ ಸೊಂಟ ಹಿಡಿಯಾಕತ್ತಿತ್ತು ಲೇ" ಎಂದವರೇ ಕಿಸೆಯಿಂದ ನೋಟ್‌ಬುಕ್ ತೆಗೆದು ಬರೆದರು: 'ಕುಂತಾಗ ಬ್ರಿಜ್ ಉದ್ದ. ನಿಂತಾಗ ಗಿಡ್ಡ. ಎಡಕ್ಕೆ ಮೆತ್ತೆ ಬೇಕು.'

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಆ ಪಟ್ಟಿಯನ್ನು ಕಾಲುವೆಗೆ ಎಸೆಯುವುದೆಂದು ಭಾನುವಾರ ಬೆಳಿಗ್ಗೆ ಬೈಗುಳ ಜೋಡಿಸಿಕೊಂಡೇ ಹೋದೆ. ಪಡಸಾಲೆಯಲ್ಲಿ ಕುರ್ಚಿ ಖಾಲಿ! ಹಿತ್ತಲಿಗೆ ಓಡಿದೆ.

ಬೇವಿನ ಮರದಡಿ ಅತ್ತಿ ನಿಂತಿದ್ದರು. ಸೀರೆಯ ಮೇಲೆ ಸೊಂಟಪಟ್ಟಿ, ಎಡಕ್ಕೆ ಹಳೇ ದುಪ್ಪಟಿಯಿಂದ ಹೊಲಿದ ಮೆತ್ತೆ. ತಲೆಯ ಮೇಲಿನ ದಪ್ಪ ಕೊಂಬೆಯಿಂದ ಇಳಿದ ಹಗ್ಗದ ಜಾರುಗಂಟಿಗೆ ಬ್ರಿಜ್ ಸಿಕ್ಕಿಸಿತ್ತು. ಮಾವ ಪಟ್ಟಿಯೊಳಗೆ ಬೆರಳು ತೂರಿಸಿ ನೋಡುತ್ತಿದ್ದರು.

"ಹಿಡೀತೈತೇನು?"

"ಇಲ್ರಿ. ಆದ್ರ... ಬಿದ್ರ?"

"ಬಿದ್ದು ನೋಡು. ಮೊಣಕಾಲು ಬಿಡು."

ಅತ್ತಿ ಕಣ್ಣು ಮುಚ್ಚಿ, "ಕೃಷ್ಣಾ" ಎಂದು ಮೊಣಕಾಲು ಸಡಿಲ ಬಿಟ್ಟರು. ಗಂಟು ಕಚ್ಚಿತು. ನಾಲ್ಕು ಬೆರಳಷ್ಟು ಇಳಿದು ಹಾಗೇ ನಿಂತರು.

"ಇಷ್ಟ ನೋಡು ಬೀಳೋದು" ಎಂದರು ಮಾವ. "ಇದಕ್ಕಿಂತ ಕೆಳಗ ನಾ ಬಿಡಂಗಿಲ್ಲ."

ಅತ್ತಿ ಕಣ್ಣು ಬಿಟ್ಟರು. ಎಷ್ಟೋ ತಿಂಗಳ ಮೇಲೆ ನಕ್ಕರು. ಆಮೇಲೆ ಮಾವ ಗಂಟು ಸರಿಸಿದಂತೆಲ್ಲ ಕಾಲೂರಿ ಒಂದು ಹೆಜ್ಜೆ ಇಟ್ಟರು, ಇನ್ನೊಂದು, ಮತ್ತೊಂದು. ಎರಡು ತಿಂಗಳು ಮಾವ ತಮ್ಮ ಸೊಂಟ, ತಮ್ಮ ತೊಡೆ ನೋಯಿಸಿಕೊಂಡು ಹುಡುಕಿದ್ದು ಇದನ್ನು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

"ಲೇ, ಫೋಟೋ ಹೊಡಿ ಜಲ್ದಿ!" ಎಂದರು ಮಾವ. ಫೋನು ಅವರ ಕಿಸೆಯಲ್ಲೇ ಇತ್ತು. ಆದರೆ ಎರಡೂ ಕೈ ಗಂಟಿನ ಮೇಲಿದ್ದವು.