ಮೆತ್ತೆ ಸೀಟಿಗೋ, ಸವಾರರಿಗೋ

ಮಾವ: ಮೆತ್ತೆ ಹಾಕೋದು ಸೀಟಿಗಮ್ಮಾ, ಸೀಟಿನ ಮೇಲೆ ಕೂರೋರಿಗಲ್ಲ. ನಲವತ್ತು ವರ್ಷ ಬಸ್ಸಿಗೆ, ಲಾರಿಗೆ, ಸಿನಿಮಾ ಟಾಕೀಸಿಗೆ ಕುಶನ್ ಹೊಲಿದಿದ್ದೀನಿ. ಒಬ್ಬನೇ ಒಬ್ಬ ಬಂದು, 'ಸೀಟು ಹಾಗೇ ಇರ್ಲಿ, ಕುಶನ್ನು ನನಗೇ ಹೊಲಿದುಬಿಡಿ, ತೊಟ್ಕೊಂಡು ಹೋಗ್ತೀನಿ' ಅಂದಿಲ್ಲ.

ನಾನು: ಮಾವ, ಇದು ಕುಶನ್ ಅಲ್ಲ, ಚಡ್ಡಿ.

ಮಾವ: ಒಳಗೆ ಫೋಮ್ ಇದೆ. ಮೇಲೆ ಬಟ್ಟೆ ಇದೆ. ಸುತ್ತ ಹೊಲಿಗೆ ಇದೆ. ಇನ್ನೇನಮ್ಮ ಕುಶನ್ ಅಂದ್ರೆ?

ಗಂಡ: ಎರಡು ಕಾಲಿದೆಯಲ್ಲಪ್ಪ.

ಮಾವ: ಕುರ್ಚಿಗೆ ನಾಲ್ಕಿರುತ್ತೆ. ಅದನ್ನೇನು ಎಮ್ಮೆ ಅಂತಾರಾ?

ಶನಿವಾರ ಮಧ್ಯಾಹ್ನ. ನಮ್ಮ ಹಾಲ್‌ನ ಸೋಫಾದ ಮೇಲೆ, ಕೂರುವ ಜಾಗಕ್ಕೆ ಪ್ಯಾಡ್ ಹೊಲಿದ ಮೂರು ಕಪ್ಪು ಸೈಕಲ್ ಚಡ್ಡಿಗಳು ಸಂದರ್ಶನಕ್ಕೆ ಬಂದ ಅಭ್ಯರ್ಥಿಗಳ ಹಾಗೆ ಸಾಲಾಗಿ ಒರಗಿದ್ದವು. ಸೈಕಲ್ ಅಂಗಡಿಯವರು ನಂಬಿಕೆಯ ಮೇಲೆ ಕೊಟ್ಟು ಕಳಿಸಿದ್ದು. 'ಬಟ್ಟೆಯ ಮೇಲೇ ಹಾಕಿ ನೋಡಿ, ಚೀಟಿ ಕೀಳಬೇಡಿ, ಬೇಡದ ಎರಡನ್ನು ಸಂಜೆಯೊಳಗೆ ತಂದುಕೊಡಿ' ಎಂದಿದ್ದರು. ಮರುದಿನ ಬೆಳಿಗ್ಗೆ ನಾನು ನನ್ನ ಹಳೆಯ ಸೈಕಲ್ ಗೆಳತಿಯರ ಜೊತೆ ಅಣೆಕಟ್ಟಿನವರೆಗೆ ಹೋಗಿ ಬರಬೇಕಿತ್ತು. ಹೋಗಿ ಬರಲು ಅರವತ್ತು ಕಿಲೋಮೀಟರು.

ಮಗುವಾದ ಮೇಲೆ ಇದು ಎರಡನೆಯ ಪ್ರಯತ್ನ. ಮೊದಲನೆಯದು ಹಿಂದಿನ ಭಾನುವಾರ. ಹದಿನೆಂಟನೆಯ ಕಿಲೋಮೀಟರಿಗೆ ಕೂರಲೂ ಆಗದೆ, ಇಳಿದು ನಡೆಯಲೂ ಆಗದೆ, ಕೊನೆಗೆ ಒಂದು ತರಕಾರಿ ವ್ಯಾನಿನಲ್ಲಿ ಎಲೆಕೋಸಿನ ಮೂಟೆಗಳ ನಡುವೆ ನಿಂತುಕೊಂಡೇ ಮನೆ ಸೇರಿದೆ. ಎರಡು ದಿನ ಮಗುವಿಗೆ ನಿಂತೇ ಊಟ ಮಾಡಿಸಿದೆ. ಆಗ ಇವರು ತೀರ್ಪು ಕೊಟ್ಟರು: ಇನ್ನೊಂದು ಸಲ ಹೀಗಾದರೆ ಸೈಕಲ್ಲು ಅಟ್ಟಕ್ಕೆ. ಮೇಲ್ಮನವಿಗೆ ಅವಕಾಶವಿಲ್ಲ.

ಎರಡು ಬೀದಿ ಆಚೆ ಇರುವ ಮಾವನಿಗೆ ವ್ಯಾನಿನ ಕಥೆ ಹೇಳಿರಲಿಲ್ಲ. ಹೇಳದೇ ಇದ್ದದ್ದು ಇನ್ನೊಂದೂ ಇತ್ತು. ಬಾಲ್ಕನಿಯಲ್ಲಿದ್ದ ನನ್ನ ಸೈಕಲ್ಲಿನ ಸೀಟಿಗೆ ಹೋದ ತಿಂಗಳು ಅವರೇ ಒಂದು ಕವರು ಹೊಲಿದು ಹಾಕಿದ್ದರು. ಮೂರಿಂಚು ಮೆತ್ತನೆಯ ಫೋಮು, ಕಂದು ರೆಕ್ಸಿನ್ನು, ಅಂಚಿಗೆ ಬಿಳಿ ಪಟ್ಟಿಯ ಪೈಪಿಂಗು. ಕಣ್ಣು ಮಂಜಾಗಿ ಕೆಲಸ ಬಿಟ್ಟ ಎರಡು ವರ್ಷಕ್ಕೆ ಮತ್ತೆ ಮಿಷನ್ ಮುಂದೆ ಕೂತು ಹೊಲಿದ ಮೊದಲ ಕೆಲಸ ಅದು. ನನ್ನ ನೋವಿಗೆ ಅದೇ ಕಾರಣವೆಂದು ಅಂಗಡಿಯವರು ನೋಡಿದ ಕೂಡಲೇ ಹೇಳಿದ್ದರು. ನಾನು ತುಟಿ ಬಿಚ್ಚಿರಲಿಲ್ಲ. ಕವರು ತೆಗೆಯದೆ ನೋವು ಕಳೆಯಲು ನಾನು ಹುಡುಕಿಕೊಂಡ ದಾರಿಯೇ ಈ ಚಡ್ಡಿಗಳು.

ಮಾವ: ಅಂಗಡಿಗೆ ಹೋಗಿ ಹಾಲು ತರೋಕೆ ಇಷ್ಟೆಲ್ಲ ವೇಷ ಯಾಕಮ್ಮ?

ನಾನು: ಹಾಲಿಗಲ್ಲ ಮಾವ, ನಾಳೆ...

ಗಂಡ: (ಮಧ್ಯೆ ಬಾಯಿ ಹಾಕಿ, ಮೊದಲನೆಯದನ್ನು ಎತ್ತಿ) ಇದೇ ತಗೋ. ಮೂರರಲ್ಲಿ ಇದೇ ದಪ್ಪ. ದಪ್ಪ ಇದ್ದಷ್ಟೂ ಒಳ್ಳೇದು. ಇದಕ್ಕೆಲ್ಲ ಅಷ್ಟೊಂದು ತಲೆ ಕೆಡಿಸ್ಕೋತಾರಾ?

ನಾನು: ಹೌದಲ್ವಾ! ಶೂ ಕೊಳ್ಳೋವಾಗಲೂ ಅಷ್ಟೇ, ಅಂಗಡೀಲಿ ಯಾವುದು ಎಲ್ಲಕ್ಕಿಂತ ದೊಡ್ಡದೋ ಅದನ್ನೇ ತರಬೇಕು.

ಗಂಡ: ಒಂದು ಒಳ್ಳೇದಾಯ್ತು ಬಿಡು. ಮನೇಲಿ ಪ್ಯಾಡ್ ಕಟ್ಕೊಂಡು ಓಡಾಡೋರು ಇಬ್ಬರಾದ್ರಿ. ಮಗನಿಗೆ ಜೊತೆ ಸಿಕ್ತು.

ನಾನು: ಇಬ್ಬರದ್ದೂ ಬದಲಾಯಿಸೋಳು ನಾನೇ ತಾನೆ? ನೀವ್ಯಾಕೆ ಸಂಕಟಪಡ್ತೀರಿ?

ಮಾವ ನಗು ಬಂದದ್ದನ್ನು ಕೆಮ್ಮಿಗೆ ಹೊಂದಿಸಿಕೊಂಡರು. ಹನ್ನೊಂದು ತಿಂಗಳ ಮಗ ನೆಲದ ಮೇಲೆ ಕೂತು ಚಮಚದಿಂದ ಬಟ್ಟಲು ಬಡಿಯುತ್ತಿದ್ದ.

ನಾನು ಮೂರನ್ನೂ ಒಳಮೈ ಹೊರಗೆ ಮಾಡಿ ಹರಡಿದೆ. ಹನ್ನೊಂದು ತಿಂಗಳಿಂದ ಒಂದು ಪುಟ್ಟ ಜೀವದ ತೊಡೆಸಂದಿಯನ್ನು ಕಾಯುತ್ತಿರುವವಳಿಗೆ ಎಲ್ಲಿ ಬೆರಳಿಡಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಹೊಲಿಗೆ ಎಲ್ಲಿ ಉಬ್ಬಿದೆ, ಕಾಲಿನ ಎಲಾಸ್ಟಿಕ್ಕು ಎಲ್ಲಿ ಕಚ್ಚುತ್ತದೆ, ಬೆವರಾದಾಗ ಯಾವ ಬಟ್ಟೆ ಚರ್ಮಕ್ಕೆ ಅಂಟುತ್ತದೆ ಎಂದು ಒಂದೊಂದನ್ನೇ ಸವರಿ ನೋಡಿದೆ.

ಗಂಡ: ಏನೋ ಬರೆದಿದೆ ಇದರಲ್ಲಿ, ಇರು. (ಚೀಟಿಯನ್ನು ಎತ್ತಿ ಹಿಡಿದು, ಸುದ್ದಿ ಓದುವವರ ಗಂಟಲಿನಲ್ಲಿ) 'ಗ್ರಾಹಕರ ಗಮನಕ್ಕೆ. ಪ್ಯಾಡ್ ನೇರವಾಗಿ ಚರ್ಮಕ್ಕೆ ತಾಗುವಂತಿರಬೇಕು. ಇದರ ಒಳಗೆ ಬೇರೆ ಯಾವುದೇ ಒಳ ಉಡುಪು...'

ಇವರು ನಿಲ್ಲಿಸಿದರು. ತಡವಾಗಿತ್ತು.

ಮಾವ: (ಗೋಡೆಯತ್ತ ತಿರುಗಿ) ಈ ಗಡಿಯಾರ ಎರಡು ನಿಮಿಷ ಹಿಂದಿದೆ ಅಲ್ವಾ?

ನಾನು: ಮೂರು ನಿಮಿಷ, ಮಾವ.

ಮಾವ: ಸೆಲ್ ಬದಲಾಯಿಸ್ಬೇಕು.

ನಾನು: ಹೌದು ಮಾವ. (ಹಲ್ಲು ಕಚ್ಚಿ, ಮೆಲ್ಲಗೆ) ರೀ, ಬಾಕಿ ಎರಡು ಚೀಟೀನೂ ಓದಿಬಿಡಿ. ಕೆಳಗಿನ ಮನೆಯೋರಿಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ.

ಮೊದಲು ದಪ್ಪನೆಯದು. ಪೈಜಾಮದ ಮೇಲೇ ಎಳೆದುಕೊಂಡು ಕೋಣೆಯಿಂದ ಹೊರಗೆ ಬಂದೆ. ನನ್ನ ಎರಡು ಕಾಲುಗಳ ನಡುವೆ ಮೂರನೆಯವರೊಬ್ಬರು ಜಾಗ ಕೇಳುತ್ತಿದ್ದ ಹಾಗಿತ್ತು. ಮಗ ಚಮಚ ಬಿಟ್ಟು ನನ್ನನ್ನು ನೋಡಿ ಕೇಕೆ ಹಾಕಿದ.

ಗಂಡ: ನಡಿಗೆ ಚೆನ್ನಾಗಿದೆ. ಒಂದು ಕೆರೆ ತೋರಿಸಿದ್ರೆ ಈಜೇ ಬಿಡ್ತೀಯ.

ನಾನು: ನಿಮ್ಮನ್ನ ಮೊದಲು ತಳ್ಳಿ, ಆಳ ನೋಡ್ಕೊಂಡು ಆಮೇಲೆ ಇಳೀತೀನಿ.

ಬಾಲ್ಕನಿಗೆ ಹೋದೆವು. ಹಗ್ಗದಲ್ಲಿ ಒಣಗುತ್ತಿದ್ದ ಮಗುವಿನ ಬಟ್ಟೆಗಳನ್ನು ಸರಿಸಿ, ಇವರು ಹ್ಯಾಂಡಲ್ ಹಿಡಿದುಕೊಂಡರು. ನಾನು ಹತ್ತಿದೆ. ಮಾವನ ಮೂರಿಂಚಿನ ಮೇಲೆ ಚಡ್ಡಿಯ ಒಂದೂವರೆ ಇಂಚು. ಹತ್ತಿದೆ ಎನ್ನುವುದಕ್ಕಿಂತ ಏರಿದೆ ಎನ್ನುವುದೇ ಸರಿ.

ನಾನು: ಪೆಡಲ್ ಎಲ್ಲಿ?

ಗಂಡ: ಕೆಳಗೇ ಇದೆ. ಪಾಪ, ಅದು ಎಲ್ಲೂ ಹೋಗಿಲ್ಲ. ನೀನೇ ದೂರ ಆಗಿದ್ದೀಯ.

ನಾನು: ಕಾಲು ತಾಗ್ತಿಲ್ಲ ರೀ.

ಗಂಡ: ಇನ್ನೊಂದಿಂಚು ಏರಿದ್ರೆ ಎದುರುಮನೆ ಟೀವಿ ಇಲ್ಲಿಂದಲೇ ನೋಡಬಹುದು. ನೋಡು, ಇವತ್ತು ಏನು ಬರ್ತಿದೆ?

ಮಾವ: ನೋವಾಗುತ್ತಾಮ್ಮ?

ನಾನು: ಇಲ್ಲ ಮಾವ. ಸ್ವಲ್ಪ... ತೇಲಿದ ಹಾಗಾಗುತ್ತೆ.

ಮಾವ: ಹಾಗಾದ್ರೆ ಗೊತ್ತಾಯ್ತು. ನಾನು ಹಾಕಿದ್ದು ಸಾಲದು. ಇನ್ನೆರಡಿಂಚು ಹಾಕಿಬಿಡ್ತೀನಿ.

ನಾನು: (ಗಾಬರಿಯಾಗಿ) ಅಯ್ಯೋ ಬೇಡ ಮಾವ! ಇರೋದೇ ಬೇಕಾದಷ್ಟಿದೆ.

ಮಾವ: ಸಂಕೋಚ ಯಾಕೆ? ಹಳೇ ಸೋಫಾದ ಫೋಮ್ ಎತ್ತಿಟ್ಟಿದ್ದೀನಿ. ಸಂಜೆಯೊಳಗೆ ಆಗುತ್ತೆ.

ಗಂಡ: ಹಾಗೇ ಬೆನ್ನಿಗೊಂದು ಒರಗು, ಕೈ ಇಟ್ಕೊಳ್ಳೋಕೆ ಎರಡು ಕಡೆ ಎರಡು. ಪೇಪರ್ ಓದ್ಕೊಂಡು ಹೋಗಿ ಬರ್ಲಿ.

ಮಾವ: (ಗಂಭೀರವಾಗಿ) ಒರಗು ಮಾಡಬಹುದು ಕಣೋ. ಒಂದು ಕಬ್ಬಿಣದ ಪಟ್ಟಿ ಬೇಕಾಗುತ್ತೆ.

ನಾನು: ರೀ, ನೀವು ಬಾಯ್ಮುಚ್ಕೊಂಡು ಹ್ಯಾಂಡಲ್ ಹಿಡ್ಕೊಳ್ತೀರಾ?

ಗಂಡ: ನಾನು ಹಿಡ್ಕೊಂಡೇ ಇದ್ದೀನಿ. ನೀನೇ ಒಂದು ಮಾತಿಗೆ ನಿಲ್ತಿಲ್ಲ. ಭಾನುವಾರ ಕೇಳಿದ್ರೆ ರಸ್ತೆ ಸರಿಯಿಲ್ಲ ಅಂದೆ. ಸೋಮವಾರ ಎದುರುಗಾಳಿ ಅಂದೆ. ಮಂಗಳವಾರ ಎಲೆಕೋಸು ಚುಚ್ಚಿತು ಅಂದೆ. ಆ ಅಂಗಡಿಯವರು ಬಾಯ್ಬಿಟ್ಟು ಹೇಳ್ಲಿಲ್ವಾ, ಸೀಟಿನ ಮೇಲಿರೋ ಆ ಹಾಸಿಗೆ ಕಿತ್ತುಹಾಕಿದ್ರೆ ಅರ್ಧ ನೋವು ಹೋಗುತ್ತೆ ಅಂತ?

ಒಳಗೆ ಬಟ್ಟಲಿನ ಸದ್ದೂ ನಿಂತಿತು. ಮಗನಿಗೆ ಏನು ಅರ್ಥವಾಯಿತೋ ಕಾಣೆ. ಇವರಿಗೆ ಮಾತ್ರ ಈಗ ಅರ್ಥವಾಗಿತ್ತು.

ಮಾವ: ಹಾಸಿಗೆ?

ಗಂಡ: ಅದು ಅವರ ಮಾತಪ್ಪ. ನಾನಾದ್ರೆ ದಿಂಬು ಅಂತಿದ್ದೆ.

ನಾನು: (ಸೈಕಲ್ಲಿನ ಮೇಲಿಂದಲೇ) ಮಾವ, ಅವರಿಗೇನು ಗೊತ್ತು ನಿಮ್ಮ ಕೆಲಸ...

ಮಾವ: ನೀನು ಯಾಕಮ್ಮ ಹೇಳ್ಲಿಲ್ಲ ನನಗೆ?

ನಾನು: ಪೈಪಿಂಗ್ ತುಂಬಾ ಚೆನ್ನಾಗಿತ್ತು, ಮಾವ.

ಮಾವ ಒಳಗೆ ಹೋದರು. ನಾನು ಇಳಿಯಲು ಹೋದರೆ ನೆಲ ಸಿಗಲಿಲ್ಲ. ಇವರ ಹೆಗಲು ಹಿಡಿದು, ಆ ಹೆಗಲನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿ ಇಳಿದೆ.

ನಾನು: ಸಮಾಧಾನ ಆಯ್ತಾ? ಇನ್ನೇನಾದ್ರೂ ಉಳಿದಿದ್ರೆ ಅದನ್ನೂ ಹೇಳಿಬಿಡಿ, ಹೋಗಿ.

ಗಂಡ: ಬಾಯಿ ತಪ್ಪಿ ಬಂತು ಕಣೇ.

ನಾನು: ನಿಮ್ಮ ಬಾಯಿಗೂ ಒಂದು ಪ್ಯಾಡ್ ಸಿಗುತ್ತಾ ಅಂತ ಕೇಳ್ಕೊಂಡು ಬರ್ತೀನಿ.

ಹಾಲ್‌ಗೆ ಬಂದರೆ, ಮಾವ ಸೋಫಾದ ಮೇಲೆ ಕೂತು ಮೂರನೆಯ ಚಡ್ಡಿಯನ್ನು ಮಡಿಲಲ್ಲಿ ಹರಡಿಕೊಂಡಿದ್ದರು. ಕನ್ನಡಕ ಹಣೆಯ ಮೇಲಿತ್ತು. ಕಣ್ಣಿನ ಕೆಲಸವನ್ನು ಹೆಬ್ಬೆರಳು ಮಾಡುತ್ತಿತ್ತು. ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ಆಮೇಲೆ ಎರಡನೆಯದು. ಆಮೇಲೆ ನಾನು ಬಿಚ್ಚಿ ತಂದಿಟ್ಟ ದಪ್ಪನೆಯದು.

ಮಾವ: ಈ ದಪ್ಪದ್ದು ಬರೀ ಗಾಳಿ. ಹತ್ತು ಸಲ ಕೂತ್ರೆ ಚಪಾತಿ ಆಗುತ್ತೆ. ಎರಡನೇದು ಪರವಾಗಿಲ್ಲ, ಆದ್ರೆ ಸರಿಯಾಗಿ ಮೂಳೆ ಕೂರೋ ಜಾಗದಲ್ಲೇ ಹೊಲಿಗೆ ಓಡಿಸಿದ್ದಾನೆ, ದಡ್ಡ. ಈ ಮೂರನೇದು ನೋಡು, ತೆಳ್ಳಗಿದೆ, ಗಟ್ಟಿಯಿದೆ. ಒತ್ತಿದ್ರೆ ಬಗ್ಗುತ್ತೆ, ಬಿಟ್ಟ ತಕ್ಷಣ ಎದ್ದು ನಿಲ್ಲುತ್ತೆ. ಹೊಲಿಗೆಯೆಲ್ಲ ಅಂಚಿಗೆ ತಳ್ಳಿದ್ದಾನೆ. ಕೆಲಸ ಗೊತ್ತಿರೋನು. (ತಲೆಯೆತ್ತಿ) ನಾಳೆ ಎಷ್ಟು ದೂರ ಹೋಗೋಳು ನೀನು?

ನಾನು: ಅರವತ್ತು ಕಿಲೋಮೀಟರ್, ಮಾವ.

ಮಾವ: ಅರವತ್ತಾ? ಈ ವರ್ಷದೊಳಗಾ?

ನಾನು: ನಾಳೆ ಬೆಳಿಗ್ಗೇನೇ. ಹನ್ನೊಂದರ ಒಳಗೆ ವಾಪಸ್ ಬಂದಿರ್ತೀನಿ.

ಮಾವ ಕನ್ನಡಕ ಕೆಳಗಿಳಿಸಿ ತಮ್ಮ ಮಗನ ಕಡೆಗೆ ತಿರುಗಿದರು. ಇವರು ಗಡಿಯಾರ ನೋಡತೊಡಗಿದರು.

ಮಾವ: ಅದು ಮೂರು ನಿಮಿಷ ಹಿಂದಿದೆ, ಗೊತ್ತು. ಇಲ್ಲಿ ನೋಡು. ಸೀಟಿಗೆ ಕವರ್ ಹೊಲಿ ಅಂತ ನನ್ನ ಹತ್ರ ಬಂದಿದ್ದು ಯಾರು?

ಗಂಡ: ನಾನೇ.

ಮಾವ: ಬಂದು ಏನಂದೆ? ಅವತ್ತು ಹೇಳಿದ ಹಾಗೇ ಹೇಳು.

ಗಂಡ: 'ಬೀದಿ ತುದಿವರೆಗೆ ಹೋಗಿ ಬರ್ತಾಳೆ ಅಷ್ಟೇ ಅಪ್ಪ, ಮೆತ್ತಗಿರ್ಲಿ' ಅಂದೆ.

ಮಾವ: ಕೇಳಿಸ್ಕೊಂಡ್ಯಾಮ್ಮ? (ತಮ್ಮ ಮಗನಿಗೆ) ಲಾರಿಯಲ್ಲಿ ಸೀಟು ಎರಡು ಥರ ಇರುತ್ತೆ ಕಣೋ. ಪಕ್ಕದಲ್ಲಿ ಕೂತು ಬಾಯಿ ತೆರ್ಕೊಂಡು ನಿದ್ದೆ ಹೊಡೆಯೋನಿಗೆ ಮೆತ್ತಗೆ ಹಾಕ್ತೀವಿ. ಓಡಿಸೋನಿಗೆ ಗಟ್ಟಿ. ದೂರ ಹೋಗೋನಿಗೆ ಮೆತ್ತಗೆ ಕೊಟ್ರೆ ಮೂಳೆ ಒಳಗೆ ಹೂತುಹೋಗುತ್ತೆ, ಫೋಮ್ ಎರಡೂ ಕಡೆ ಉಬ್ಬಿ ತೊಡೆ ಕೆರೆದು ಹಾಕುತ್ತೆ. ಇದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತಿದ್ದು. ನೀನು ಬಂದು ಪ್ಯಾಸೆಂಜರ್ ಸೀಟು ಕೇಳ್ದೆ, ನಾನು ಕೊಟ್ಟೆ. (ನನ್ನ ಕಡೆ ತಿರುಗಿ, ದನಿ ಇಳಿಸಿ) ನೀನು ಡ್ರೈವರ್ ಅಂತ ನನಗೆ ಯಾರೂ ಹೇಳ್ಲಿಲ್ಲಮ್ಮ.

ನಾನು ಆಗಲೇ ಮಡಚಿದ್ದ ಚಡ್ಡಿಯನ್ನು ಬಿಡಿಸಿ ಮತ್ತೆ ಮಡಚಿದೆ.

ಮಾವ: ಕತ್ತರಿ ಕೊಡು.

ನಾನು: ಮಾವ, ಅಷ್ಟು ಕಷ್ಟಪಟ್ಟು ಹೊಲಿದಿದ್ದೀರಿ...

ಮಾವ: ಹೊಲಿದಿದ್ದು ಸರಿಯಾಗೇ ಇದೆ. ವಿಳಾಸ ತಪ್ಪಿದೆ ಅಷ್ಟೇ.

ಬಾಲ್ಕನಿಯಲ್ಲಿ ಅವರು ತಮ್ಮ ಗಂಟನ್ನು ತಾವೇ ಹುಡುಕಿ ಕತ್ತರಿಸಿದರು. ಕವರು ಕಳಚಿದ ಸೀಟು ಕಪ್ಪಗೆ, ಸಪೂರವಾಗಿ, ಆಗಷ್ಟೇ ತಲೆ ಬೋಳಿಸಿಕೊಂಡವರ ಹಾಗೆ ಕಂಡಿತು. ಮೂರನೆಯ ಚಡ್ಡಿ ಹಾಕಿಕೊಂಡು ಹತ್ತಿದೆ. ಎರಡೂ ಪಾದ ಪೆಡಲಿಗೆ ಸರಿಯಾಗಿ ತಾಗಿದವು.

ಮಾವ: ಹೇಗಿದೆ?

ನಾನು: ಗಟ್ಟಿಯಿದೆ, ಮಾವ.

ಮಾವ: ಇರ್ಲಿ. ನಾಳೆ ಐವತ್ತನೇ ಕಿಲೋಮೀಟರಲ್ಲಿ ಹೇಳು, ಹೇಗಿದೆ ಅಂತ.

ಗಂಡ: ಹಾಗಾದ್ರೆ ಆ ಎರಡನ್ನ ನಾನೇ ಅಂಗಡಿಗೆ ಕೊಟ್ಟು ಬರ್ತೀನಿ.

ಹಠಾತ್ತನೆ ಹುಟ್ಟಿದ ಈ ಸೇವಾಭಾವದಿಂದ ಇವರು ಒಳಗೆ ಹೋದರು. ಹೋದಷ್ಟೇ ಬೇಗ ನಿಂತುಬಿಟ್ಟರು. ನೆಲದ ಮೇಲೆ ಮಗ ದಪ್ಪನೆಯ ಚಡ್ಡಿಗೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದ. ಬಾಯಿಯ ಅಂಚಿನಲ್ಲಿ ಅದರ ಚೀಟಿಯ ಅರ್ಧ ಭಾಗವಿತ್ತು. ಇನ್ನರ್ಧ ಎಲ್ಲೂ ಇರಲಿಲ್ಲ.

ಗಂಡ: ಇದನ್ನ ಅವರು ವಾಪಸ್ ತಗೊಳ್ಳಲ್ಲ.

ನಾನು: (ಮಗನ ಬಾಯಿಯಿಂದ ಕಾಗದ ತೆಗೆಯುತ್ತಾ) ಯಾಕ್ರೀ ಬೇಜಾರು? ದಪ್ಪ ಇದ್ದಷ್ಟೂ ಒಳ್ಳೇದು ಅಂದವರು ನೀವೇ. ನಿಮ್ಮ ಅಳತೆಗೂ ಎಳೆದ್ರೆ ಬರುತ್ತೆ.

ಮಾವ: (ಕಂದು ರೆಕ್ಸಿನ್ನಿನ ಕವರನ್ನು ಇವರ ಕೈಗಿಟ್ಟು) ಇದನ್ನೂ ಇಟ್ಕೋ. ನಾಳೆ ಬೆಳಿಗ್ಗೆ ಮಗು ನೋಡ್ಕೊಂಡು ಕೂರಬೇಕಲ್ಲ, ಕುರ್ಚಿಗೆ ಹಾಕ್ಕೋ. ನೀನು ಕೇಳಿದ್ದ ಪ್ಯಾಸೆಂಜರ್ ಸೀಟು.

ಅಲ್ಲಿಯವರೆಗೆ 'ನಾಳೆ ಬೆಳಿಗ್ಗೆ' ಎನ್ನುವುದು ನನ್ನೊಬ್ಬಳದೇ ಎಂದು ಇವರು ತಿಳಿದಿದ್ದರು. ಮುಖದ ಬಣ್ಣ ಇಳಿದದ್ದು ನನಗೆ ಸ್ಪಷ್ಟವಾಗಿ ಕಂಡಿತು.

ಗಂಡ: ಹನ್ನೊಂದರ ತನಕ ನಾನೊಬ್ಬನೇನಾ? ಅಲ್ಲ ಕಣೇ, ಅವನು ಎದ್ದ ತಕ್ಷಣ ಏನು ಕೊಡ್ಬೇಕು? ಗಂಜಿ ಎಷ್ಟು ನೀರಿಗೆ? ಅತ್ರೆ ಯಾವ ಹಾಡು ಹೇಳ್ತೀಯ? ಡೈಪರ್‌ಗೆ ಹಿಂದು ಮುಂದು ಹೇಗೆ ಗೊತ್ತಾಗುತ್ತೆ? ದಾರೀಲಿ ಫೋನ್ ಮಾಡಿದ್ರೆ ತೆಗೀತೀಯ ತಾನೆ?

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಕೈಯೆತ್ತಿ ತಡೆದರು.

ಮಾವ: ಇಷ್ಟು ವರ್ಷ ಬಸ್ಸಲ್ಲಿ ಓಡಾಡಿದ್ದೀಯ, ಎದುರಿಗೇ ಬರೆದಿರೋದನ್ನ ಒಂದು ಸಲಾನೂ ಓದಿಲ್ವೇನೋ? ಡ್ರೈವರ್ ಜೊತೆ ಮಾತಾಡಬಾರದು.