ಕೊನೆಯ ಸಿಕ್ ಲೀವ್

ಆ ವರ್ಷಕ್ಕೆ ಉಳಿದಿದ್ದ ಒಂದೇ ಒಂದು ಸಿಕ್ ಲೀವನ್ನು ಕ್ಲೈವ್ ಟ್ರೆಲೋರ್ ಬುಧವಾರ ಮೀನು ಹಿಡಿಯುವುದಕ್ಕೆ ಕಳೆದ.

ಅಡಿಲೇಡಿನ ಅಂಚಿನಲ್ಲಿ ಸಮುದ್ರದೊಳಕ್ಕೆ ಚಾಚಿದ್ದ ಹಳೆಯ ಮರದ ಜೆಟ್ಟಿಯನ್ನು ಸೋಮವಾರ ಕೆಡವುವವರಿದ್ದರು. ಚಿಕ್ಕಂದಿನಲ್ಲಿ ಅವನಪ್ಪ "ಮಗನಿಗೆ ಹೊಟ್ಟೆನೋವು" ಎಂದು ಶಾಲೆಗೆ ತಾನೇ ಚೀಟಿ ಬರೆದು ಅವನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಹಲಗೆಗಳ ಸಂದಿನಲ್ಲಿ ಹಸಿರು ನೀರು, ಡಾಂಬರಿನ ವಾಸನೆ, ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಇಬ್ಬರಿಗೂ ಚಹಾ. ಐವತ್ತು ವರ್ಷ ಕಳೆದರೂ ಹೊಟ್ಟೆನೋವು ಎಂಬ ಮಾತು ಕೇಳಿದರೆ ಕ್ಲೈವ್‌ಗೆ ಖುಷಿಯಾಗುತ್ತಿತ್ತು.

ಆದ್ದರಿಂದ ಬುಧವಾರ ಬೆಳಿಗ್ಗೆ ಏಳಕ್ಕೆ, ದನಿ ಒಡಕು ಮಾಡಿಕೊಂಡು, ವೈರಲ್ ಜ್ವರ ಎಂದು ಫೋನ್ ಮಾಡಿದ. ಅಪ್ಪನ ಗಾಳ ಹಿಡಿದು ಹೊರಟ. ಬಾಲ್ಯದ ಗೆಳೆಯ ನಿನೊ ಮೂಗೊರೆಸಿಕೊಳ್ಳುತ್ತ ಅಲ್ಲಿ ಕಾಯುತ್ತಿದ್ದ. ಇಬ್ಬರೂ ಹಿಂದಿನಂತೆಯೇ ಒಂದೇ ಮುಚ್ಚಳದಲ್ಲಿ ಚಹಾ ಕುಡಿದರು. ಶನಿವಾರ ಹಳಬರೆಲ್ಲ ಸೇರಿ ಜೆಟ್ಟಿಗೆ ವಿದಾಯ ಹೇಳುವುದು, ಕೊನೆಯ ಗಾಳವನ್ನು ಕ್ಲೈವ್ ಎಸೆಯುವುದು ಎಂದು ಆಗಲೇ ತೀರ್ಮಾನವಾಗಿತ್ತು.

ಎಡವಟ್ಟೆಂದರೆ, ಕ್ಲೈವ್ ಗಾಜಿನ ಸಾಮಾನು ತೊಳೆಯುತ್ತಿದ್ದುದು ವೈರಸ್ ಅಧ್ಯಯನ ಮಾಡುವ ಲ್ಯಾಬಿನಲ್ಲಿ.

ಬೇರೆ ಕಡೆಯಾಗಿದ್ದರೆ ಗುರುವಾರ "ಹುಷಾರಾದ್ರಾ?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಇಲ್ಲಿ ಜ್ವರ ಎಷ್ಟು ಡಿಗ್ರಿ, ಮೊದಲು ಕಟ್ಟಿದ್ದು ಯಾವ ಹೊಳ್ಳೆ ಎಂದೆಲ್ಲ ವಿಚಾರಿಸಿದರು. ಸಂಶೋಧಕಿ ಥುಯ್ ಮನೆಯಿಂದ ತಂದ ಅಕ್ಕಿ ಗಂಜಿಯನ್ನು ಮುಂದಿಟ್ಟು, ಅವನು ಮುಗಿಸುವವರೆಗೂ ಎದುರಿಗೇ ನಿಂತಳು. ಕ್ಲೈವ್ ಗೋಡೆ ಗಡಿಯಾರದಂತೆ ಅರ್ಧ ಗಂಟೆಗೊಮ್ಮೆ ತಪ್ಪದೆ ಕೆಮ್ಮಿದ.

ಅಷ್ಟರಲ್ಲಿ ಲ್ಯಾಬಿನ ಮುಖ್ಯಸ್ಥೆ ವೂಲಾ ಸೂಜಿ ಹಿಡಿದು ಬಂದಳು.

ವೂಲಾ ಹದಿನೆಂಟು ವರ್ಷದಿಂದ ನಮ್ಮ ಜೀವಕೋಶದೊಳಗಿನ ಒಂದು ಆರ್‌ಎನ್‌ಎಯ ಬೆನ್ನು ಬಿದ್ದಿದ್ದಳು. ಪ್ರೋಟೀನು ತಯಾರಿಸಲು ಬಾರದ ಆರ್‌ಎನ್‌ಎ ಅದು. ಅದಕ್ಕೆ ಅವಳಿಟ್ಟ ಹೆಸರು ಯಾಯಾ. ಅವಳ ಗ್ರೀಕ್ ಮನೆಮಾತಿನಲ್ಲಿ ಅಜ್ಜಿ. ಅಡುಗೆ ಕೆಲಸ ಬಿಟ್ಟು ಬಾಗಿಲಲ್ಲಿ ಕೂತ ಅಜ್ಜಿಯ ಹಾಗೆ, ವೈರಸ್ ಹೊಸ್ತಿಲು ದಾಟಿದೊಡನೆ ಮೊದಲು ಕೂಗುವುದು ಅದೇ. ಆ ಕೂಗಿಗೆ ದೇಹದ ಹುಟ್ಟು ಕಾವಲುಗಾರರೆಲ್ಲ ದೊಣ್ಣೆ ಹಿಡಿದು ಏಳುತ್ತಾರೆ ಎನ್ನುವುದು ಅವಳ ವಾದ.

"ಜ್ವರದ ಮಾರನೇ ದಿನದ ರಕ್ತ ಸಿಗೋದೇ ಅಪರೂಪ. ಕೊಡ್ತೀಯಾ ಕ್ಲೈವ್?"

"ಸೂಜಿ ಕಂಡ್ರೆ ತಲೆ ಸುತ್ತುತ್ತೆ ವೂಲಾ."

"ಮೂವತ್ತು ವರ್ಷದಿಂದ ಸೂಜಿ ಡಬ್ಬ ಜೋಡಿಸ್ತಿರೋನು ನೀನೇ ಅಲ್ವಾ ಮಾರಾಯ?"

ಥುಯ್ ಒಪ್ಪಿಗೆ ಪತ್ರ ಹಿಡಿದು ನಿಂತಿದ್ದಳು. ಬೇಡ ಎನ್ನಲು ಕಾರಣ ಬೇಕಿತ್ತು. ಕ್ಲೈವ್ ಸಹಿ ಹಾಕಿದ.

ರಕ್ತ ಪರೀಕ್ಷಿಸಲು ಯಂತ್ರಕ್ಕೆ ಮೂರು ಗಂಟೆ ಬೇಕಿತ್ತು. ಯಾಯಾ ಕೂಗದಿದ್ದರೆ ಅವನ ಸುಳ್ಳು ಗೋಡೆಯ ಮೇಲೆ ಗ್ರಾಫ್ ಆಗಿ ಮೂಡುತ್ತದೆ. ತಪ್ಪೊಪ್ಪಿಕೊಳ್ಳೋಣವೆಂದು ಎರಡು ಸಲ ವೂಲಾಳ ಬಾಗಿಲವರೆಗೆ ಹೋಗಿ ಬಂದ. ಯಂತ್ರದ ವೈರು ಎಡವೋಣವೆಂದರೆ ಥುಯ್ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದಳು. ತೊಳೆದ ಬೀಕರನ್ನೇ ನಾಲ್ಕು ಸಲ ತೊಳೆದ.

ನಾಲ್ಕು ಗಂಟೆಗೆ ವೂಲಾ ಕಾಗದ ಹಿಡಿದು ಬಂದಳು.

"ಯಾಯಾ ಇಡೀ ಬೀದಿ ಏಳೋ ಹಾಗೆ ಕೂಗಿದಾಳೆ ಕಣೋ."

ಕ್ಲೈವ್‌ಗೆ ಅಳು ಬರುವಷ್ಟು ಸಂತೋಷವಾಯಿತು. ಗಂಟಲು ಕೆರೆಯುತ್ತಿದೆ ಎಂಬುದು ಆಗಲೇ ಗಮನಕ್ಕೆ ಬಂದದ್ದು. ನಿನೊನ ಮೂಗು, ಚಹಾದ ಮುಚ್ಚಳ ನೆನಪಾದವು. ದೇವರು ದೊಡ್ಡವನು ಎಂದುಕೊಂಡ.

ವೂಲಾ ಹೋಗಲಿಲ್ಲ.

"ಆದ್ರೆ ಒಂದು ವಿಷಯ. ಯಾಯಾ ಇಷ್ಟು ಜೋರಾಗಿ ಕೂಗೋದು ಮೊದಲನೇ ದಿನ ಮಾತ್ರ, ಆಮೇಲೆ ಗಂಟೆಗಂಟೆಗೂ ದನಿ ಇಳಿಸ್ತಾ ಹೋಗ್ತಾಳೆ. ಈ ಲೆಕ್ಕದಲ್ಲಿ ನಿಂಗೆ ಸೋಂಕು ತಗುಲಿದ್ದು ನಿನ್ನೆ ಬೆಳಿಗ್ಗೆ ಒಂಬತ್ತರ ಆಸುಪಾಸು. ಜ್ವರ ಅಂತ ನೀನು ಫೋನ್ ಮಾಡಿದ್ದು ಏಳಕ್ಕೆ."

ಥುಯ್ ಖಾಲಿ ಗಂಜಿ ಡಬ್ಬಿಯ ಮುಚ್ಚಳ ಹಾಕುವುದನ್ನು ನಿಲ್ಲಿಸಿದಳು.

ಕ್ಲೈವ್ ಎಲ್ಲ ಹೇಳಿದ. ಜೆಟ್ಟಿ, ಅಪ್ಪ, ಹೊಟ್ಟೆನೋವಿನ ಚೀಟಿ. ವೂಲಾ ಕಾಗದ ಮಡಿಸುತ್ತ ಕೇಳಿಸಿಕೊಂಡಳು. ತಾನು ಈಜು ಕಲಿತದ್ದೂ ಆ ಹಲಗೆಗಳ ಕೆಳಗೇ ಎಂದಳು, ಮೆಲ್ಲಗೆ.

"ನಾಳೆ ನಿಜವಾಗ್ಲೂ ಜ್ವರ ಬರುತ್ತೆ," ಎಂದಳು ಕೊನೆಗೆ. "ಮನೇಲಿರು. ಶನಿವಾರ ಜೆಟ್ಟಿ ಕಡೆ ತಲೆ ಹಾಕ್ಬೇಡ. ಬರೋರೆಲ್ಲ ವಯಸ್ಸಾದೋರು."

"ರಜೆ ಉಳಿದಿಲ್ಲ."

"ಗೊತ್ತು."

ಶನಿವಾರ ಕ್ಲೈವ್ ಹಾಸಿಗೆಯಲ್ಲಿ ಫೋನನ್ನು ಕಿವಿಗೊತ್ತಿಕೊಂಡು ಮಲಗಿದ್ದ. ವೂಲಾ ಜೆಟ್ಟಿಯ ತುದಿಯಲ್ಲಿ ನಿಂತು ತನ್ನ ಫೋನನ್ನು ನೀರಿನ ಕಡೆ ಚಾಚಿದ್ದಳು. ಹಲಗೆಗಳ ಕೆಳಗೆ ಅಲೆ ಬಡಿಯುವುದು ಕೇಳಿಸಿತು. ಆಮೇಲೆ ಗಾಳ ನೀರಿಗೆ ಬಿದ್ದ ಸದ್ದು.

ಎಸೆದವನು ನಿನೊ. ಅಷ್ಟು ಹೊತ್ತಿಗೆ ಅವನ ನೆಗಡಿ ಪೂರ್ತಿ ವಾಸಿಯಾಗಿತ್ತು.